ಹೊನೊಲುಲುವಿನ ಆಲದ ನೆರಳಿನಲ್ಲಿ

ಶಾಂತ ಮಹಾಸಾಗರದ ನಟ್ಟನಡುವೆ, ಹರಿದ ಹಾರದ ಮಣಿಗಳಂತೆ, ಹವಾಯಿ ದ್ವೀಪಗಳು ಚೆಲ್ಲಿಕೊಂಡಿರುವುವು. ಅಮೆರಿಕೆಯ ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಮಾನವೇರಿದರೆ ಅಲ್ಲಿಗೆ ಸುಮಾರು 3,850 ಕಿಲೋಮೀಟರು ದೂರ. ಐದು ಗಂಟೆಗೂ ಮೀರಿದ ಆ ಪ್ರಯಾಣದಲ್ಲಿ ಕೆಳಗೆ ನೀರಲ್ಲದೆ ಬೇರೇನೂ ಕಾಣದು. ಕಟ್ಟಕಡೆಗೆ ಹಸುರು ಹೊದ್ದ ಬೆಟ್ಟಗಳೂ ಅವುಗಳ ಬುಡದಲ್ಲಿ ಬಿಳಿಯ ನೊರೆಯ ಅಂಚೂ ತೋರುವುವು. ಅದೇ ಒವಾಹು ದ್ವೀಪ. ಅದರ ದಕ್ಷಿಣ ತೀರದಲ್ಲಿ ಹೊನೊಲುಲು ನಗರವಿದೆ. 1959ರಿಂದ ಈ ದ್ವೀಪಗಳು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಐವತ್ತನೆಯ ರಾಜ್ಯವಾಗಿರುವುವು. ಆದರೆ 1893ರವರೆಗೆ ಅಲ್ಲಿ ಸ್ವಂತ ಅರಸುಮನೆತನವಿದ್ದಿತು. ಆ ಅರಸುತನದ ನೆನಪು ಇಂದಿಗೂ ಊರಿನ ಬೀದಿಗಳ ಹೆಸರಿನಲ್ಲಿಯೂ ಹಾಡುಗಳಲ್ಲಿಯೂ ಜೀವಂತವಾಗಿದೆ.

ಹೊನೊಲುಲುವಿಗೆ ಬಂದವರೆಲ್ಲರೂ ನೋಡುವ ಸ್ಥಳ ವೈಕೀಕೀ ಎಂಬ ಕಡಲತಡಿ. ಅಲ್ಲಿ ಮುಗಿಲೆತ್ತರದ ಹೋಟೆಲುಗಳು ಒಂದನ್ನೊಂದು ನೂಕಿಕೊಂಡು ನಿಂತಿವೆ. ಆ ಸಾಲು ಪೂರ್ವ ದಿಕ್ಕಿನಲ್ಲಿ ಥಟ್ಟನೆ ಮುಗಿಯುವುದು. ಅಲ್ಲಿಂದಾಚೆಗೆ ವಿಶಾಲವಾದ ಹುಲ್ಲುಬಯಲು, ಹರಡಿದ ಮರಗಳು, ಅವುಗಳ ಹಿಂದೆ ಆರಿಹೋದ ಜ್ವಾಲಾಮುಖಿಯೊಂದರ ಬೋಳು ಗುಡ್ಡ. ಇಂಗ್ಲಿಷಿನವರು ಈ ಗುಡ್ಡಕ್ಕೆ ಡೈಮಂಡ್ ಹೆಡ್ ಎಂದು ಹೆಸರಿಟ್ಟರು. ನಾಡಿನವರ ಹಳೆಯ ಹೆಸರು ಲೇಆಹಿ. ಗುಡ್ಡಕ್ಕೂ ಹೋಟೆಲುಗಳಿಗೂ ನಡುವೆ ಸುಮಾರು 300 ಎಕರೆಯಷ್ಟು ಹಬ್ಬಿರುವುದೇ ಕಪಿಯೊಲಾನಿ ಉದ್ಯಾನ. 1877ನೆಯ ಇಸವಿ ಜೂನ್ 11ರಂದು ಕಲಾಕೌವ ಎಂಬ ಅರಸನು ಇದನ್ನು ಪ್ರಜೆಗಳಿಗಾಗಿ ತೆರೆದು, ತನ್ನ ಪಟ್ಟದ ರಾಣಿಯ ಹೆಸರನ್ನು ಇದಕ್ಕೆ ಇಟ್ಟನು. ಈ ಅರಸನು ನಾಲ್ಕು ವರ್ಷಗಳ ಬಳಿಕ, 1881ರಲ್ಲಿ, ಭೂಪ್ರದಕ್ಷಿಣೆ ಮಾಡುತ್ತ ನಮ್ಮ ಕಲಕತ್ತೆ ಮುಂಬಯಿಗಳಿಗೂ ಬಂದು ಹೋದನೆಂಬುದು ನಮ್ಮವರು ಅರಿತಿರಬೇಕಾದ ಸಂಗತಿ. ಅರಸುತನ ಅಳಿದ ಮೇಲೆ, 1896ರಲ್ಲಿ, ಈ ಭೂಮಿಯು ಎಂದೆಂದಿಗೂ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿರಬೇಕೆಂದು ಶಾಸನದ ಮೂಲಕ ಗೊತ್ತುಮಾಡಿದರು. ಅಂಗೈಯಗಲದ ನೆಲಕ್ಕೂ ಬಂಗಾರದ ಬೆಲೆಯಿರುವ ಆ ತಡಿಯಲ್ಲಿ ಇಷ್ಟು ಬಯಲು ಉಳಿದುಕೊಂಡಿರುವುದು ಆ ಕಟ್ಟಳೆಯ ಬಲದಿಂದಲೇ ಎನ್ನಬೇಕು.

ಉದ್ಯಾನದಲ್ಲಿ ವಾದ್ಯಗೋಷ್ಠಿಗೆಂದು ಕಟ್ಟಿದ ಮಂಟಪವೊಂದಿದೆ. ಈಗ ಕಾಣುವ ಕಟ್ಟಡ 2000ದಲ್ಲಿ ಆದದ್ದು. ಆದರೆ ಅಲ್ಲಿ ಬಯಲಲ್ಲಿ ವಾದ್ಯ ನುಡಿಸುವ ವಾಡಿಕೆ ಶತಮಾನಕ್ಕೂ ಹಿಂದಿನದು. ಅರಸರ ಕಾಲದಲ್ಲಿ, 1836ರಲ್ಲಿ, ಹುಟ್ಟಿದ ರಾಜಬ್ಯಾಂಡು ಇಂದಿಗೂ ನಗರಸಭೆಯ ಆಶ್ರಯದಲ್ಲಿ ನಡೆದುಕೊಂಡು ಬಂದಿದೆ. 1872ರಲ್ಲಿ ಪ್ರಷ್ಯಾ ದೇಶದಿಂದ ಬಂದ ಹೆನ್ರಿ ಬರ್ಗರ್ ಎಂಬಾತನು ಅದನ್ನು ತಿದ್ದಿ ಬೆಳೆಸಿದನು. ಮೈಸೂರರಮನೆಯ ಬ್ಯಾಂಡನ್ನೂ ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡುಮಂಟಪವನ್ನೂ ಬಲ್ಲ ನಮಗೆ, ಅರಸರು ಬೆಳೆಸಿದ ವಾದ್ಯಮೇಳ ಮರಗಳ ಕೆಳಗೆ ಜನಸಾಮಾನ್ಯರಿಗಾಗಿ ನುಡಿಯುವುದೆಂದರೆ ಹೊಸದೇನೂ ಅಲ್ಲ. ನಾವು ಅಲ್ಲಿ ಕೇಳಿದುದು ಮಾತ್ರ ಹೊಸದಾಗಿತ್ತು.

ಮೇ ತಿಂಗಳ ಮೊದಲನೆಯ ದಿನ ಅಲ್ಲಿ ‘ಲೇ’ ಹಬ್ಬ. ‘ಲೇ’ ಎಂದರೆ ಹೂಮಾಲೆ. 1920ರ ದಶಕದ ಕೊನೆಯಲ್ಲಿ ಆರಂಭವಾದ ಈ ಹಬ್ಬದಲ್ಲಿ ಹೆಂಗಸರು ಗಂಡಸರು ಮಕ್ಕಳು ಎಲ್ಲರೂ ಮಾಲೆ ಧರಿಸುವರು. ಉದ್ಯಾನದಲ್ಲಿ ಮಾಲೆ ಕಟ್ಟುವ ಸ್ಪರ್ಧೆಯೂ ನಡೆಯುವುದು. ಸ್ಪರ್ಧೆಗೆ ಬಂದ ಮಾಲೆಗಳನ್ನು ಮರುದಿನ ನೂವಾನು ಕಣಿವೆಯಲ್ಲಿರುವ ಅರಸರ ಸಮಾಧಿಗಳಿಗೆ ಅರ್ಪಿಸುವ ಪದ್ಧತಿಯುಂಟು. ಮಲ್ಲಿಗೆಯ ನಾಡಿನಿಂದ ಹೋದ ನಮ್ಮ ಮನೆಯವರಿಗೆ ಇದೆಲ್ಲವೂ ಬಹಳ ಹಿಡಿಸಿತು. ಅಲ್ಲಿ ‘ಪಿಕಾಕೆ’ ಎಂದು ಕರೆಯುವ ಹೂವು ನಮ್ಮ ದುಂಡುಮಲ್ಲಿಗೆಯೇ ಎಂಬುದನ್ನು ಅವರು ಮೂಸಿ ನೋಡಿ ಗೊತ್ತುಮಾಡಿದರು.

ಆ ದಿನ ಮಧ್ಯಾಹ್ನ ಸ್ಟೀಲ್ ಗಿಟಾರು ನುಡಿಸುವವರೊಬ್ಬರು ಮಂಟಪಕ್ಕೆ ಬಂದರು. ಟಿಕೀಟಿಲ್ಲ, ಕಾದಿಟ್ಟ ಆಸನಗಳಿಲ್ಲ. ಜನರು ಮನೆಯಿಂದ ತಂದ ಚಾಪೆಗಳನ್ನು ಹುಲ್ಲಿನ ಮೇಲೆ ಹಾಸಿಕೊಂಡು, ಬುತ್ತಿಗಳನ್ನು ಬಿಚ್ಚಿಟ್ಟು, ಮದುವೆಮನೆಯ ಚಪ್ಪರದಲ್ಲಿ ಕುಳಿತವರಂತೆ ನಿಶ್ಚಿಂತರಾಗಿ ಕುಳಿತಿದ್ದರು. ನಾವು ಆಲದ ಜಾತಿಯ ಒಂದು ಮರದ ನೆರಳನ್ನು ಹಿಡಿದೆವು. ವಾದಕರಿಗೆ ಎಪ್ಪತ್ತರ ಆಸುಪಾಸು. ತಲೆಯೆಲ್ಲ ನರೆತಿತ್ತು, ಕೊರಳಲ್ಲಿ ಎರಡು ಮಾಲೆಗಳಿದ್ದುವು. ಎಳೆಯರೆಲ್ಲರೂ ಅವರನ್ನು ‘ಅಂಕಲ್’ ಎಂದೇ ಕರೆಯುತ್ತಿದ್ದರು. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯದೆ ಹೀಗೆ ಬಂಧುಗಳಂತೆ ಕರೆಯುವುದು ಅಲ್ಲಿಯ ಮರ್ಯಾದೆ. ನಮ್ಮ ಹಳ್ಳಿಗಳಲ್ಲಿ ರಕ್ತಸಂಬಂಧವಿಲ್ಲದವರೂ ಮಾವ, ದೊಡ್ಡಪ್ಪ ಆಗುವಂತೆ.

ಈ ವಾದ್ಯವನ್ನು ನೋಡದ ವಾಚಕರಿಗಾಗಿ ಅದರ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಯುಕ್ತ. ಸಾಧಾರಣವಾದ ಗಿಟಾರನ್ನು ಎದೆಗೊತ್ತಿ ಹಿಡಿದು, ಎಡಗೈ ಬೆರಳುಗಳಿಂದ ತಂತಿಗಳನ್ನು ಮೆಟ್ಟಿಲುಗಳ ಮೇಲೆ ಅದುಮಿ ನುಡಿಸುವರು. ಇದನ್ನಾದರೋ ತೊಡೆಯ ಮೇಲೆ ಮಲಗಿಸಿ ಅಥವಾ ಕಾಲುಗಳುಳ್ಳ ಹಲಗೆಯಂತೆ ಮುಂದಿಟ್ಟುಕೊಂಡು ನುಡಿಸುವರು. ತಂತಿಗಳು ಆರು ಅಥವಾ ಎಂಟು. ಅವು ಹಲಗೆಯಿಂದ ಬಹಳ ಮೇಲಕ್ಕೆ ಎತ್ತಿರುವುವು. ಎಡಗೈಯಲ್ಲಿ ಹೆಬ್ಬೆರಳಿನಷ್ಟು ದಪ್ಪವಾದ, ನುಣ್ಣಗೆ ಹೊಳೆಯುವ ಒಂದು ಉಕ್ಕಿನ ದಂಡ. ಅದು ತಂತಿಯನ್ನು ಅದುಮದೆ ಅದರ ಮೇಲೆ ಜಾರುತ್ತ ಹೋಗುವುದು; ಬಲಗೈ ಮೀಟುವುದು. ಸ್ವರಸ್ಥಾನವನ್ನು ಹಿಡಿದುಕೊಡಲು ಮೆಟ್ಟಿಲುಗಳ ಆಸರೆಯಿಲ್ಲ. ಗೀಟುಗಳು ಕಣ್ಣಿಗೆ ಮಾತ್ರ ಗುರುತು, ತೀರ್ಪು ಕಿವಿಯದು. ದಂಡ ಕೂದಲೆಳೆಯಷ್ಟು ಆಚೀಚೆ ಸರಿದರೂ ಅಪಸ್ವರ.

ತಂತಿಗಳನ್ನು ಶ್ರುತಿಗೊಳಿಸುವ ಕ್ರಮಗಳು ಹಲವು. ಹೆಚ್ಚು ಪ್ರಚಾರದಲ್ಲಿರುವ ಒಂದು ಕ್ರಮವನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಚತುಃಶ್ರುತಿ ಧೈವತ ಎನ್ನಬಹುದು. ಎಂದರೆ ರಿಷಭವೊಂದನ್ನು ಬಿಟ್ಟ ಮೋಹನ. ದಂಡವನ್ನು ಅಡ್ಡಲಾಗಿಟ್ಟು ಒಮ್ಮೆಗೇ ಮೂರು ನಾಲ್ಕು ತಂತಿಗಳನ್ನು ಮೀಟಿದರೆ ಆ ಸ್ವರಗಳೆಲ್ಲವೂ ಒಟ್ಟಾಗಿ ನುಡಿಯುವುವು. ದಂಡವನ್ನು ಸರಿಸಿದರೆ ಒಟ್ಟಾಗಿಯೇ ಏರಿಳಿಯುವುವು. ಸ್ವರದಿಂದ ಸ್ವರಕ್ಕೆ ಹೋಗುವಾಗ ನಡುವೆ ಎಲ್ಲಿಯೂ ಕಡಿಯದ ಜಾರು. ನಿಂತಲ್ಲಿ ಮೆಲ್ಲನೆ ನಡುಗುವ ಕಂಪಿತ. ಒಮ್ಮೊಮ್ಮೆ ವಾದಕರು ಮೀಟುವ ಕೈಯ ಅಂಚನ್ನು ತಂತಿಗೆ ಸೋಕಿಸಿ ತೆಗೆಯುತ್ತಿದ್ದರು. ಆಗ ದೂರದ ಗುಡಿಯ ಕಿರುಗಂಟೆಯಂತಹ ನಾದ ಹೊರಡುತ್ತಿತ್ತು. ವಾದ್ಯವು ಮನುಷ್ಯನ ಕೊರಳನ್ನು ಅನುಕರಿಸುತ್ತಿದೆಯೋ, ಕಡಲಿನ ಅಲೆಯನ್ನೋ ಎಂದು ಹೇಳುವುದು ಕಷ್ಟವಾಗಿತ್ತು.

ನಮ್ಮ ಮನೆಯವರು ಕೆಲಹೊತ್ತು ಕಣ್ಣುಮುಚ್ಚಿ ಕೇಳಿ, “ನೋಡಿದಿರಾ, ಇದು ನಮ್ಮ ಗೋಟುವಾದ್ಯವೇ ಅಲ್ಲವೇ?” ಎಂದರು. ಆ ಮಾತಿನಲ್ಲಿ ಹುರುಳಿದ್ದಿತು. ಮೆಟ್ಟಿಲುಗಳಿಲ್ಲದ ವೀಣೆಯ ಮೇಲೆ ನುಣುಪಾದ ಕೊರಡನ್ನು ಜಾರಿಸಿ ನುಡಿಸುವ ಗೋಟುವಾದ್ಯ, ಅಥವಾ ಚಿತ್ರವೀಣೆ, ದಕ್ಷಿಣದಲ್ಲಿ ಪ್ರಸಿದ್ಧವಾದದ್ದು. ಅದರಲ್ಲಿ ಹೆಸರಾಂತ ನಾರಾಯಣ ಅಯ್ಯಂಗಾರ್ಯರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದರು. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಏಕತಂತ್ರೀ ವೀಣೆಯನ್ನು ‘ಕಮ್ರಿಕಾ’ ಎಂಬ ಬಿದಿರಿನ ತುಂಡಿನಿಂದ ನುಡಿಸುವ ವಿಧಾನ ಹೇಳಿದೆ. ಇದನ್ನೆಲ್ಲ ನೆನೆದಾಗ, ‘ಎಲ್ಲವೂ ಮೊದಲೇ ನಮ್ಮಲ್ಲಿತ್ತು’ ಎಂಬ ಅಭಿಮಾನ ನಾಲಗೆಯ ತುದಿಗೆ ಬರುವುದು ಸಹಜ. 1884-85ರ ಸುಮಾರಿಗೆ ಹೊನೊಲುಲುವಿನಲ್ಲಿ ಗೇಬ್ರಿಯಲ್ ಡೇವಿಯನ್ ಎಂಬ ಭಾರತದಲ್ಲಿ ಹುಟ್ಟಿದ ತರುಣನು ಹೀಗೆ ಜಾರಿಸಿ ನುಡಿಸುತ್ತಿದ್ದನೆಂಬ ಹೇಳಿಕೆಯೂ ಉಂಟು. ಆದರೆ ಒಂದು ಹೇಳಿಕೆಯ ಮೇಲೆ ಅಷ್ಟು ದೊಡ್ಡ ಮಾಳಿಗೆಯನ್ನು ಕಟ್ಟುವುದು ನ್ಯಾಯವಲ್ಲ. ಹವಾಯಿ ಜನರು ಈ ಕಲೆಯ ಮೂಲಪುರುಷನೆಂದು ಮನ್ನಿಸುವುದು ತಮ್ಮವನೇ ಆದ ಜೋಸೆಫ್ ಕೆಕುಕುವನ್ನು.

ಈತನು 1874ರಲ್ಲಿ ಒವಾಹು ದ್ವೀಪದ ಲಾಯಿಯೆ ಎಂಬ ಊರಿನಲ್ಲಿ ಹುಟ್ಟಿದನು. ಮೆಕ್ಸಿಕೋ ಕಡೆಯ ದನಗಾಹಿಗಳೊಡನೆ ಬಂದ ಗಿಟಾರು ಆ ವೇಳೆಗೆ ದ್ವೀಪಗಳಲ್ಲಿ ಮನೆಮಾತಾಗಿದ್ದಿತು. ತಂತಿಗಳನ್ನು ಸಡಿಲಿಸಿ ತಮ್ಮ ಹಾಡುಗಳಿಗೊಪ್ಪುವಂತೆ ಶ್ರುತಿಗೊಳಿಸುವುದನ್ನು ಜನರು ಕಲಿತಿದ್ದರು. ಹೊನೊಲುಲುವಿನ ಕಮೆಹಮೆಹ ಬಾಲಕರ ಶಾಲೆಯಲ್ಲಿ ಓದುತ್ತಿದ್ದಾಗ, 1889ರ ಸುಮಾರಿಗೆ, ಕೆಕುಕುವು ತಂತಿಯ ಮೇಲೆ ಲೋಹವನ್ನು ಜಾರಿಸಿ ನೋಡಿದನು. ರೈಲುಹಳಿಯ ಬಳಿ ಸಿಕ್ಕಿದ ಬೋಲ್ಟು ಎಂದು ಕೆಲವರು, ಚಾಕುವಿನ ಬೆನ್ನು ಎಂದು ಕೆಲವರು ಹೇಳುವರು. ಕಡೆಗೆ ಶಾಲೆಯ ಯಂತ್ರಶಾಲೆಯಲ್ಲಿಯೇ ತನಗೆ ಬೇಕಾದ ಉಕ್ಕಿನ ದಂಡವನ್ನು ರೂಪಿಸಿಕೊಂಡನು. ಬಹುಕಾಲ ಹುಡುಗರ ನಡುವೆ ಬಾಳಿದ ನಾವು ಇದನ್ನು ಓದಿದಾಗ ಒಂದು ಗಳಿಗೆ ಯೋಚಿಸಿದೆವು. ಹುಡುಗರ ಜೇಬಿನಲ್ಲಿ ಕಬ್ಬಿಣದ ಚೂರು ಕಂಡರೆ ಕಸಿದು ಹೊರಗೆಸೆಯುವುದೇ ಶಾಲೆಗಳ ಸಾಮಾನ್ಯ ಧರ್ಮವಾಗಿದೆ!

1904ರಲ್ಲಿ ಕೆಕುಕುವು ತಾಯ್ನಾಡನ್ನು ಬಿಟ್ಟು ಅಮೆರಿಕೆಗೆ ಹೋದನು. ಆಮೇಲೆ ಯೂರೋಪನ್ನೂ ಸುತ್ತಿದನು. 1915ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಹವಾಯಿಯ ಗಾಯಕ ವಾದಕರನ್ನು ಕೇಳಿ ಜನರು ಮರುಳಾದರು. ಗಿಟಾರಿಗೆ ವಿದ್ಯುಚ್ಛಕ್ತಿಯನ್ನು ಕೂಡಿಸಿದಾಗಲೂ, 1932ರಲ್ಲಿ ಮಾರಾಟಕ್ಕೆ ಬಂದ ಮೊದಲನೆಯ ವಿದ್ಯುತ್ ಗಿಟಾರು ತೊಡೆಯ ಮೇಲಿಟ್ಟು ನುಡಿಸುವ ಈ ಬಗೆಯದೇ ಆಗಿದ್ದಿತು. ಬಾಣಲೆಯಂತಿದ್ದ ಅದರ ಆಕಾರವನ್ನು ನೋಡಿ ಜನರು ಬಾಣಲೆಯೆಂದೇ ಕರೆದರು. ಅದೇ 1932ರಲ್ಲಿ ಕೆಕುಕುವು ನ್ಯೂ ಜರ್ಸಿಯಲ್ಲಿ ತೀರಿಕೊಂಡನು. ಆತನು ಹುಟ್ಟೂರಿಗೆ ಮರಳಲಿಲ್ಲ.

ವಾದ್ಯವು ನಮ್ಮ ದೇಶಕ್ಕೂ ಬಂದಿತು. 1928ರಲ್ಲಿ ಹವಾಯಿಯನ್ನು ಬಿಟ್ಟು ಹೊರಟ ತೌ ಮೋಯೆ ಎಂಬ ವಾದಕನು ತನ್ನ ಹೆಂಡತಿ ರೋಸಳೊಡನೆ ದೇಶದೇಶಗಳನ್ನು ಸುತ್ತಿ, 1940ರ ದಶಕದಲ್ಲಿ ಕಲಕತ್ತೆಯಲ್ಲಿ ನೆಲೆಸಿ ನುಡಿಸಿದನು, ಕಲಿಸಿದನು. ಅನಂತರ ಜೋಧಪುರದ ಬ್ರಿಜ್ ಭೂಷಣ ಕಾಬ್ರಾ ಅವರು ಗಿಟಾರನ್ನು ತೊಡೆಯ ಮೇಲಿಟ್ಟು ಹಿಂದೂಸ್ತಾನೀ ರಾಗಗಳನ್ನು ನುಡಿಸಿ, ಅದಕ್ಕೆ ಸಭೆಯಲ್ಲಿ ಸ್ಥಾನವನ್ನು ಸಂಪಾದಿಸಿಕೊಟ್ಟರು. ಜಯಪುರದ ವಿಶ್ವಮೋಹನ ಭಟ್ಟರು ಅದಕ್ಕೆ ತರಬಿನ ತಂತಿಗಳನ್ನು ಕೂಡಿಸಿ ಮೋಹನವೀಣೆಯೆಂದು ಹೆಸರಿಟ್ಟರು. 1994ರಲ್ಲಿ ಅವರಿಗೆ ಗ್ರಾಮಿ ಪ್ರಶಸ್ತಿ ದೊರೆಯಿತು. ನಮ್ಮ ಬೆಂಗಳೂರಿನಲ್ಲಿಯೂ ಪ್ರಕಾಶ ಸೊಂಟಕ್ಕೆ ಅವರು ಈ ಬಗೆಯ ಗಿಟಾರಿನಲ್ಲಿ ಹಿಂದೂಸ್ತಾನೀ ಸಂಗೀತವನ್ನು ನುಡಿಸಿ ಹೆಸರಾಗಿದ್ದಾರೆ. ಹೀಗೆ ಶಾಲೆಯ ಹುಡುಗನೊಬ್ಬನ ಆಟ ಒಂದು ಶತಮಾನದೊಳಗೆ ಭೂಮಂಡಲವನ್ನು ಸುತ್ತಿತು.

ಆದರೆ ಅಚ್ಚರಿಯ ಮಾತು ಇನ್ನು ಮುಂದಿದೆ. ಇಷ್ಟೆಲ್ಲ ದೇಶಗಳಿಗೆ ಹಬ್ಬಿದ ವಾದ್ಯ ತನ್ನ ತವರಿನಲ್ಲಿ ಕ್ಷೀಣಿಸಿತು. 1960ರ ದಶಕದಿಂದೀಚೆಗೆ ಅಲ್ಲಿಯ ತರುಣರು ಬೇರೆ ಸಂಗೀತಕ್ಕೆ ಒಲಿದರು. ಸ್ಟೀಲ್ ಗಿಟಾರು ಮುದುಕರ ವಾದ್ಯವೆನಿಸಿತು. ಕಲಿಯಬೇಕೆಂದವರಿಗೂ ಕಲಿಸುವವರು ವಿರಳ. ಹಳೆಯ ವಾದಕರಲ್ಲಿ ಹಲವರು ತಮ್ಮ ಶ್ರುತಿಯ ಕ್ರಮವನ್ನು ಬಹು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಇನ್ನೊಬ್ಬ ವಾದಕ ಎದುರಿಗೆ ಬಂದು ಕುಳಿತರೆ ಬೆನ್ನು ತಿರುಗಿಸಿ ನುಡಿಸುವುದು, ವೇದಿಕೆಯಿಂದ ಇಳಿಯುವ ಮುನ್ನ ಯಾರೂ ತಿಳಿಯದಂತೆ ತಂತಿಗಳ ಶ್ರುತಿಯನ್ನು ಕೆಡಿಸಿಬಿಡುವುದು, ಇಂತಹ ಕಥೆಗಳನ್ನು ಅಲ್ಲಿ ಈಗಲೂ ಹೇಳುವರು.

ವಿರಾಮದ ಸಮಯದಲ್ಲಿ ನಾವು ವಾದಕರ ಬಳಿಗೆ ಹೋಗಿ, ಭಾರತದಿಂದ ಬಂದವರೆಂದು ತಿಳಿಸಿ, ಈ ಕಥೆ ನಿಜವೇ ಎಂದು ವಿಚಾರಿಸಿದೆವು. ಅವರು ನಕ್ಕು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮ ಅಜ್ಜ ಬಹಳ ಚೆನ್ನಾಗಿ ನುಡಿಸುತ್ತಿದ್ದರು. ಒಂದು ಹಾಡಿಗೆ ಮಾತ್ರ ತಂತಿಗಳನ್ನು ಬೇರೆ ಬಗೆಯಲ್ಲಿ ಕೂಡಿಸುತ್ತಿದ್ದರು. ಅದು ಹೇಗೆಂದು ನಮ್ಮ ತಂದೆಗೂ ಹೇಳಲಿಲ್ಲ. ಹಾಡು ನಮ್ಮ ಮನೆಯಲ್ಲಿದೆ. ಆ ನಾದ ಅವರೊಡನೆ ಹೋಯಿತು. ನಾನು ಐವತ್ತು ವರ್ಷಗಳಿಂದ ಹುಡುಕುತ್ತಿದ್ದೇನೆ.” ಪಕ್ಕದಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ವಾದ್ಯವನ್ನು ಒರಸುತ್ತ ಕುಳಿತಿದ್ದಳು. ಅವಳ ಕಡೆಗೆ ಕೈತೋರಿ, “ಇವಳು ಏನು ಕೇಳಿದರೂ ಹೇಳಿಬಿಡುತ್ತೇನೆ, ಕೇಳದಿದ್ದರೂ ಹೇಳುತ್ತೇನೆ” ಎಂದರು.

ಆ ಗುಟ್ಟಿನ ಗೋಡೆ ಒಡೆದ ಬಗೆ ಕೂಡ ವಿಚಿತ್ರವಾದದ್ದು. ಅಮೆರಿಕೆಯ ಒಹಾಯೋ ಪ್ರಾಂತದಲ್ಲಿ 1920ರಲ್ಲಿ ಹುಟ್ಟಿದ ಜೆರ್ರಿ ಬರ್ಡ್ ಎಂಬವರು ಎಳವೆಯಲ್ಲಿ ಹವಾಯಿಯ ಸಂಗೀತಕ್ಕೆ ಮನಸೋತು, ಸ್ಟೀಲ್ ಗಿಟಾರನ್ನು ಕಲಿತು, ಅದರಲ್ಲಿ ದೊಡ್ಡ ವಾದಕರಾದರು. 1972ರಲ್ಲಿ ಅವರು ಹೊನೊಲುಲುವಿಗೆ ಬಂದು ನೆಲೆಸಿ, ಹವಾಯಿಯ ಹುಡುಗರಿಗೆ ಹವಾಯಿಯ ವಾದ್ಯವನ್ನೇ ಏನನ್ನೂ ಮುಚ್ಚಿಡದೆ ಕಲಿಸಿದರು. 2005ರಲ್ಲಿ ಅವರು ಅಲ್ಲಿಯೇ ತೀರಿಕೊಳ್ಳುವ ವೇಳೆಗೆ, ಆಲನ್ ಅಕಾಕ ಮೊದಲಾದ ಅವರ ಶಿಷ್ಯರು ತಾವೇ ಗುರುಗಳಾಗಿದ್ದರು. ಒಂದು ನಾಡು ಕಳೆದುಕೊಳ್ಳುತ್ತಿದ್ದ ವಿದ್ಯೆಯನ್ನು ಪರನಾಡಿನವನೊಬ್ಬನು ತಂದು ಮತ್ತೆ ಅದರ ಉಡಿಗೆ ಹಾಕಿದನು. ಉದ್ಯಾನವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟ ಅದೇ 1896ರಲ್ಲಿ ಹೊರಟ ಇನ್ನೊಂದು ಶಾಸನದಿಂದ ಹವಾಯಿ ಭಾಷೆಯು ಶಾಲೆಗಳ ಬೋಧನೆಯಿಂದ ಹೊರಗಾಯಿತು. ಅದಕ್ಕೆ ಮತ್ತೆ ರಾಜ್ಯಭಾಷೆಯ ಮನ್ನಣೆ ಬಂದುದು 1978ರಲ್ಲಿ. ಎಳೆಯ ಮಕ್ಕಳಿಗೆ ಆ ಭಾಷೆಯಲ್ಲಿಯೇ ಕಲಿಸುವ ಶಾಲೆಗಳು ಆರಂಭವಾದುದು 1984ರಲ್ಲಿ. ನುಡಿಯಾಗಲಿ ನಾದವಾಗಲಿ, ಒಂದು ತಲೆಮಾರು ಕೈಬಿಟ್ಟರೆ ಮುಂದಿನವರು ಎಷ್ಟು ಪಾಡುಪಡಬೇಕಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗುಟ್ಟು ಮಾಡಿದವರನ್ನು ಜರೆಯುವುದು ಸುಲಭ. ಅವರಿಗೆ ಆ ಶ್ರುತಿಯೇ ಹೊಲ, ಅದೇ ಮನೆ. ಅದನ್ನು ಇನ್ನೊಬ್ಬ ಕಲಿತರೆ ಹೋಟೆಲಿನ ಕೆಲಸ ಅವನ ಪಾಲಾಗುತ್ತಿತ್ತು. ಕೊಟ್ಟಷ್ಟೂ ಬೆಳೆಯುವ ಧನ ವಿದ್ಯೆಯೊಂದೇ ಎಂದು ನಮ್ಮ ಸುಭಾಷಿತಕಾರರು ಸಾರಿದರು. ಆದರೆ ಅದನ್ನು ಬಾಯಿಪಾಠ ಮಾಡಿದ ನಮ್ಮ ಪಂಡಿತರ ಮನೆಗಳಲ್ಲಿಯೇ ತಾಳೆಯೋಲೆಯ ಕಟ್ಟುಗಳು ಪರರ ಕಣ್ಣಿಗೆ ಬೀಳದೆ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದುದನ್ನು ನಾವು ಕಂಡಿಲ್ಲವೇ? ಕೊಡುವವನಿಗೆ ಅನ್ನದ ಭರವಸೆಯೂ ಇರಬೇಕು, ತೆಗೆದುಕೊಳ್ಳುವವನಿಗೆ ಆಸೆಯೂ ಇರಬೇಕು. ಎರಡೂ ಕೂಡಿದಲ್ಲಿ ಮಾತ್ರ ದಾನವೆಂಬುದು ನಡೆಯುವುದು.

ಉಚಿತವೆಂಬ ಮಾತಿನಲ್ಲಿಯೂ ಭೇದಗಳುಂಟು. ಇದೇ ಉದ್ಯಾನದಲ್ಲಿ 1937ರಿಂದ 2002ರವರೆಗೆ ಪ್ರವಾಸಿಗಳಿಗಾಗಿ ಹುಲಾ ನೃತ್ಯದ ಉಚಿತ ಪ್ರದರ್ಶನವೊಂದು ನಡೆಯುತ್ತಿದ್ದಿತು. ಅದನ್ನು ಆರಂಭಿಸಿದುದು ಕೊಡಕ್ ಎಂಬ ಫೋಟೋ ಸಾಮಗ್ರಿಯ ಕಂಪೆನಿ. ಚಿತ್ರ ತೆಗೆಯಲು ಬೆಳಕು ಚೆನ್ನಾಗಿರುವ ಹಗಲಿನಲ್ಲಿ ಆಟ, ಚಿತ್ರ ತೆಗೆದಷ್ಟೂ ಫಿಲ್ಮಿನ ವ್ಯಾಪಾರ. ಅದರಿಂದ ಎಷ್ಟೋ ಕಲಾವಿದರ ಸಂಸಾರ ನಡೆಯಿತೆಂಬುದನ್ನು ಮರೆಯಬಾರದು. ಆದರೆ ಆ ಮೇ ದಿನದ ಮಧ್ಯಾಹ್ನ ನಾವು ಕಂಡ ಜನ ಬೇರೆ. ಅರ್ಧಕ್ಕೂ ಹೆಚ್ಚು ಮಂದಿ ಊರಿನವರೇ. ಹಾಡಿನ ಪಲ್ಲವಿ ಬಂದಾಗ ಮುದುಕಿಯರು ತಾವಾಗಿಯೇ ದನಿಗೂಡಿಸುತ್ತಿದ್ದರು, ಮೊಮ್ಮಕ್ಕಳು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ಟಿಕೀಟು ಇಟ್ಟಿದ್ದರೆ ಆ ಮಕ್ಕಳು ಬರುತ್ತಿರಲಿಲ್ಲ. ಆ ಮಕ್ಕಳ ಕಿವಿಗೆ ಬೀಳದಿದ್ದರೆ ಮುಂದೆ ನುಡಿಸುವವರು ಎಲ್ಲಿಂದ ಬರಬೇಕು?

ವಿರಾಮದ ಮೇಲೆ ಆ ಹುಡುಗಿಯೂ ಗುರುವಿನ ಪಕ್ಕದಲ್ಲಿ ಕುಳಿತು ನುಡಿಸಿದಳು. ಮೊದಲ ಹಾಡಿನ ನಡುವೆ ಉಕ್ಕಿನ ದಂಡ ಅವಳ ಕೈಜಾರಿ ಹಲಗೆಯ ಮೇಲೆ ಠಣ್ಣೆಂದು ಬಿದ್ದಿತು. ಸಭೆಯಲ್ಲಿ ಯಾರೂ ನಗಲಿಲ್ಲ. ಮುದುಕರು ಅವಳತ್ತ ನೋಡದೆಯೇ ಅದೇ ಸಾಲನ್ನು ಮತ್ತೊಮ್ಮೆ, ಇನ್ನೂ ಮೆಲ್ಲನೆ, ನುಡಿಸಿದರು. ಅವಳು ದಂಡವನ್ನೆತ್ತಿಕೊಂಡು ಆ ಸಾಲಿನ ಕೊನೆಗೆ ಬಂದು ಕೂಡಿಕೊಂಡಳು. ಮೂರನೆಯ ಹಾಡಿನ ವೇಳೆಗೆ ಅವರು ತಮ್ಮ ಕೈಯನ್ನು ತಂತಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ನುಡಿಸುತ್ತಿದ್ದವಳು ಅವಳೊಬ್ಬಳೇ.

ನಮ್ಮ ಊರುಗಳಲ್ಲಿಯೂ ಬಯಲಿನ ಸಂಗೀತಕ್ಕೆ ಕೊರತೆಯಿರಲಿಲ್ಲ. ರಾಮನವಮಿಯ ಚಪ್ಪರಗಳು, ಗಣೇಶನ ಪೆಂಡಾಲುಗಳು, ದೇವಸ್ಥಾನದ ಜಗಲಿಗಳು ಎಷ್ಟೋ ಮಂದಿಗೆ ಕಾಸಿಲ್ಲದ ಸಂಗೀತಶಾಲೆಗಳಾಗಿದ್ದುವು. ಹಲವು ಕಡೆ ಇಂದಿಗೂ ಆಗಿರುವುವು. ಅಂತಹ ಕಚೇರಿ ನಡೆಯುವಾಗ ಗೃಹಸ್ಥರು ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ, ಅರ್ಧ ಗಂಟೆಯಾದರೂ ಕೂರಿಸಿದರೆ ಸಾಕು. ಮಗು ನಿದ್ದೆ ಮಾಡಿದರೂ ಚಿಂತೆಯಿಲ್ಲ. ನಾದ ನಿದ್ದೆಯಲ್ಲಿಯೂ ಕಿವಿಯನ್ನು ಹೊಗುವುದು. ವಿದ್ವಾಂಸರ ಸಂಭಾವನೆಗೆ ತಟ್ಟೆ ಬಂದಾಗ ಕೈ ಹಿಡಿಯದೆ ಹಾಕುವುದೂ ಕೇಳುಗರ ಧರ್ಮ.

ಹೊನೊಲುಲುವಿಗೆ ಹೋಗುವ ವಾಚಕರು ಕಡಲತಡಿಯನ್ನು ನೋಡಿ ಮುಗಿಸಿದ ಮೇಲೆ ಅರ್ಧ ದಿನವನ್ನು ಈ ಉದ್ಯಾನಕ್ಕೆ ಮೀಸಲಿಡಲಿ. ವೈಕೀಕೀಯಿಂದ ಕಾಲುನಡಿಗೆಯಲ್ಲಿಯೇ ಹೋಗಬಹುದು. ಮಂಟಪದಲ್ಲಿ ಅಂದು ಏನಿದೆಯೆಂದು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಾಧ್ಯವಾದರೆ ಮೇ ಒಂದರಂದೇ ಹೋಗಬೇಕು. ಬಿಸಿಲು ಬಲವಾದುದರಿಂದ ಕೊಡೆಯೂ ನೀರೂ ಜೊತೆಗಿರಲಿ, ಕುಳಿತುಕೊಳ್ಳಲು ಒಂದು ಚಾಪೆಯಿರಲಿ. ಬುತ್ತಿಯನ್ನು ಸ್ವಲ್ಪ ಹೆಚ್ಚಾಗಿಯೇ ಕಟ್ಟಿಕೊಂಡು ಹೋಗುವುದು ಲೇಸು. ಪಕ್ಕದ ಚಾಪೆಯವರು ತಮ್ಮದನ್ನು ಹಂಚದೆ ಬಿಡುವುದಿಲ್ಲ. ನಾವೂ ಬರಿಗೈಯಲ್ಲಿ ಕುಳಿತಿರಬಾರದು.